ಅಂಗೈಯಗಲ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ
ಇನಾಯತ್ ನನ್ನ ಕಾರಿಗೆ ಜಾಕ್ ಕೊಟ್ಟು
ಒಂದು ರೂಪಾಯಿ ನಾಣ್ಯ ಕೇಳಿದ.
ಟೈರಿನ ಗೀರಿನೊಳಗೆ ಅದನ್ನು ನಿಲ್ಲಿಸಿ
"ಮುಳುಗಲೇ ಇಲ್ಲ ನೋಡಿ ಮೇಡಂ" ಅಂದ.
ಅಂಕಿ ಪೂರ್ತಿ ಹೊರಗೇ ನಿಂತು ನನ್ನನ್ನು ನೋಡುತ್ತಿತ್ತು.

ಹನ್ನೊಂದು ವರ್ಷದಿಂದ ನನ್ನದು ಎಲ್ ಬೋರ್ಡಿನ ಕಾರು.
ವಿನೋಬನಗರದ ಹೆಂಗಸರಿಗೆ ಕ್ಲಚ್ಚು ಬ್ರೇಕು ಹೇಳಿಕೊಡುವ ಕೆಲಸ.
ಈ ಟೈರುಗಳ ಮೇಲೆ ಅವರವರ ಕೈಬರಹವಿದೆ:
ಎಡ ಮುಂದಿನ ಗಾಯ ಪೋಸ್ಟಾಫೀಸಿನ ವಾರಿಜಮ್ಮನದು,
ಫುಟ್‌ಪಾತಿಗೆ ಉಜ್ಜಿ, ಕಲ್ಲಿಗೇ ಸಾರಿ ಹೇಳಿದವರು.
ಬಲಗಡೆಯ ಉಬ್ಬು ಬಿ.ಎಡ್. ಓದುವ ರೇಷ್ಮಾ ಪಿಂಟೊಳದು,
"ಗುಂಡಿ ಕಾಣಲೇ ಇಲ್ಲ ಅಕ್ಕಾ."
ಉಳಿದ ಸವೆತವೆಲ್ಲ ನನ್ನದೇ,
ಅವರ ಕಾಲಿಗಿಂತ ಮೊದಲು ಹೆದರಿದ ನನ್ನ ಕಾಲಿನದು.

ಎರಡು ಟೈರು ಉರುಳಿಸಿ ತಂದು ಗೋಡೆಗೆ ಒರಗಿಸಿದ.
ಒಂದು, ಎರಡು ಸಾವಿರದ ನಾನೂರು. ಹೆಸರು ಓದಲು ಬರಲಿಲ್ಲ.
ಇನ್ನೊಂದು, ಮೂರು ಸಾವಿರದ ಒಂಬೈನೂರು.
ಅದರ ಹೆಸರು ಕ್ರಿಕೆಟ್ ನೋಡುವ ಮಕ್ಕಳಿಗೂ ಗೊತ್ತು.
ಎರಡೂ ಕಪ್ಪು. ಎರಡೂ ದುಂಡು.
ಎರಡರ ಮೈಮೇಲೂ ಈಗಷ್ಟೇ ಹುಟ್ಟಿದ ಕರುವಿನ ಹಾಗೆ
ರಬ್ಬರಿನ ರೋಮ.

ಹಾಸಿಗೆ ಇದ್ದಷ್ಟು ಕಾಲು ಚಾಚು, ಅಂತು ಒಂದು ಗಾದೆ.
ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದಳು, ಅಂತು ಇನ್ನೊಂದು.
ಗಾದೆಗೇನು, ಎರಡೂ ಕಡೆಯ ವಕಾಲತ್ತು ವಹಿಸುತ್ತದೆ,
ಬಿಲ್ಲು ಕಟ್ಟುವ ಹೊತ್ತಿಗೆ ಅಂಗಡಿಯಲ್ಲಿರುವುದಿಲ್ಲ.

"ಉಗುರು ಊರಿ ನೋಡಿ."
ಊರಿದೆ. ದುಬಾರಿಯದು ಸ್ವಲ್ಪ ಒಳಗೆ ತಗೊಂಡಿತು.
ಅಗ್ಗದ್ದು ಉಗುರನ್ನು ವಾಪಸ್ ಕಳಿಸಿತು.
"ಹಾಗಾದರೆ ಇದೇ ಗಟ್ಟಿ ಅಲ್ವಾ?"
"ಗಟ್ಟಿನೇ. ಸವೆಯಲ್ಲ.
ನೆನೆದ ರಸ್ತೇಲಿ ನಿಲ್ಲು ಅಂದ್ರೆ ಮಾತ್ರ
ಯೋಚನೆ ಮಾಡಿ ನಿಲ್ಲುತ್ತೆ."

ನನ್ನ ಕಾರು ನಲವತ್ತು ದಾಟುವುದೇ ಅಪರೂಪ.
ಗೋಪಾಳದ ಖಾಲಿ ಲೇಔಟಿನಲ್ಲಿ ಎಂಟು ಬರೆಯುವುದು, ರಿವರ್ಸು,
ಆರ್‌ಟಿಒ ಸಾಹೇಬರಿಗೊಂದು ನಮಸ್ಕಾರ.
ಇಷ್ಟಕ್ಕೆ ಅಗ್ಗದ್ದೇ ಧಾರಾಳ.
ನಾಲ್ಕಕ್ಕೆ ಆರು ಸಾವಿರ ಉಳಿದರೆ ಇಬ್ಬರ ಫೀಸು ಉಳಿದಂತೆ.

ಆದರೆ ಕೊನೆಯದೊಂದು ಪಾಠವಿದೆ,
ಬೋರ್ಡಿನಲ್ಲಿ ಬರೆದಿಲ್ಲ, ಅದಕ್ಕೆ ಫೀಸಿಲ್ಲ.
ಬೆಳಗಿನ ಐದಕ್ಕೆ ಎಬ್ಬಿಸಿ, ಮಂಡಗದ್ದೆ, ತೀರ್ಥಹಳ್ಳಿ ದಾಟಿಸಿ,
ಆಗುಂಬೆ ಘಾಟಿಯನ್ನು ಅವರ ಕೈಯಿಂದಲೇ ಇಳಿಸುತ್ತೇನೆ.
ಮೊದಲ ತಿರುವಿನಲ್ಲಿ ದೇವರ ಹೆಸರು, ಮೂರರಲ್ಲಿ ಗಂಡನದು,
ಏಳರ ಹೊತ್ತಿಗೆ ಯಾರದೂ ಇಲ್ಲ, ಬರೀ ಉಸಿರು.
ಹದಿನಾಲ್ಕೂ ಮುಗಿಸಿ ಸೋಮೇಶ್ವರದಲ್ಲಿ ಚಹಾ ಕುಡಿದ ಮೇಲೆ
ವಾರಿಜಮ್ಮ ಕಾರಿನ ಕೀ ವಾಪಸ್ ಕೊಡಲೇ ಇಲ್ಲ.

ಹೋದ ಸಲ, ಒಂಬತ್ತನೆಯದು. ಮಂಜು. ರಸ್ತೆ ತುಂಬ ಪಾಚಿ ನೀರು.
ಕಾರಿನ ಹಿಂಭಾಗ ಅರೆಗಳಿಗೆ
ನಿಮ್ಮ ಜೊತೆ ಬರಲೊಲ್ಲೆ ಅಂದಿತು.
ರೇಷ್ಮಾಗೆ ತಿಳಿಯಲಿಲ್ಲ. "ಚೆನ್ನಾಗಿ ತಿರುಗಿಸಿದೆ ಅಲ್ವಾ ಅಕ್ಕಾ?"
ಹೂಂ ಅಂದೆ.
ಗೊತ್ತಾದದ್ದು ನನ್ನ ಸೊಂಟಕ್ಕೆ ಮಾತ್ರ.

ಇನಾಯತ್‌ಗೆ ಇದನ್ನು ಹೇಳಲಿಲ್ಲ.
ಎರಡು ಇದು, ಎರಡು ಅದು ಹಾಕು ಅಂದೆ.
ಒಳ್ಳೇವು ಮುಂದಕ್ಕೆ. ನಾವು ನೋಡುವುದು ಮುಂದಕ್ಕೇ ತಾನೆ.
"ಒಳ್ಳೇವು ಹಿಂದಕ್ಕೆ ಮೇಡಂ.
ಮುಂದಿಂದು ಜಾರಿದ್ರೆ ಸ್ಟೇರಿಂಗು ಹೇಳುತ್ತೆ.
ಹಿಂದಿಂದು ಹೇಳಿ ಹೋಗಲ್ಲ."
ಗ್ರೀಸು ಮೆತ್ತಿದ ಅಂಗೈಯನ್ನು ನೆಲಕ್ಕೆ ಊರಿ ತೋರಿಸಿದ:
"ಒಂದು ಟೈರು ರಸ್ತೆ ಮುಟ್ಟೋದು ಇಷ್ಟೇ.
ಇಂಥ ನಾಲ್ಕು.
ಮಿಕ್ಕ ಕಾರೆಲ್ಲ ಗಾಳೀಲೇ ಇರೋದು."
ಎದ್ದು ಹೋದ. ಸಿಮೆಂಟಿನ ಮೇಲೆ ಐದು ಬೆರಳು ಉಳಿದವು.

ಸೋಮವಾರ ಗಾಡಿಕೊಪ್ಪದ ಭಾರ್ಗವಿ, ಹೊಸಬಳು,
ಮೊದಲ ತಿರುವಿನಲ್ಲೇ ಫುಟ್‌ಪಾತಿಗೆ ಕಿರ್ರನೆ ಉಜ್ಜಿದಳು.
"ಅಯ್ಯೋ, ಹೊಸ ಟೈರು!"
ಮುಂದಿನದು ತಾನೆ, ಅಂದೆ,
ಗೇರ್ ಹಾಕು.